ಸಾದಾ, ಮಸಾಲಾ, ಮೈಸೂರು ಮಸಾಲಾ

ವೆಬ್ ಹೋಸ್ಟಿಂಗ್ ರೀಸೆಲ್ಲರ್ ಆಗುವುದಕ್ಕೆ ಮುಂಬೈ ಬಳಿಯ ಅಂಬರನಾಥಕ್ಕಿಂತ ಪ್ರಶಸ್ತವಾದ ಊರಿಲ್ಲ. ಕಲ್ಯಾಣದಿಂದ ಲೋಕಲ್ ಹತ್ತಿದರೆ ನಮಗಿಂತ ಒಂದು ಸ್ಟೇಷನ್ ಮುಂಚೆ ಉಲ್ಲಾಸನಗರ. ಅಲ್ಲಿ ಎಂಥ ಮಾಲಿಗೂ 'ಮೇಡ್ ಇನ್ ಯುಎಸ್‌ಎ' ಚೀಟಿ ಹಚ್ಚಿ, ಕೇಳಿದವರಿಗೆ 'ಉಲ್ಲಾಸನಗರ ಸಿಂಧಿ ಅಸೋಸಿಯೇಶನ್' ಎನ್ನುತ್ತಾರೆಂಬ ಜೋಕು ಈ ಲೈನಿನ ಪ್ರಯಾಣಿಕರಿಗೆಲ್ಲ ಬಾಯಿಪಾಠ. ನನ್ನ ದಂಧೆಯೂ ಹೆಚ್ಚುಕಮ್ಮಿ ಅದೇ. ದೊಡ್ಡ ಕಂಪನಿಯ ಸರ್ವರಿನಲ್ಲಿ ಸಗಟಾಗಿ ಜಾಗ ಕೊಂಡು, ತುಂಡು ಮಾಡಿ, ಅವರ ಹೆಸರು ಎಲ್ಲೂ ಇಣುಕದಂತೆ ನನ್ನ ನೇಮ್‌ಸರ್ವರ್ ಹಚ್ಚಿ ಚಿಲ್ಲರೆಯಾಗಿ ಮಾರುವುದು. ಇದನ್ನೇ ವೈಟ್ ಲೇಬಲ್ ಎಂದರೆ ಮರ್ಯಾದೆ ಉಳಿಯುತ್ತದೆ.

ಹುರುಪು ಹತ್ತಿಸಿದ್ದು ತುರಾಖಿಯಾ ಸೋದರರ ಕಥೆ. 1998ರಲ್ಲಿ ಮುಂಬೈಯಲ್ಲಿ ಅಪ್ಪನಿಂದ 25,000 ರೂಪಾಯಿ ಸಾಲ ಪಡೆದು, ಹೋಸ್ಟಿಂಗ್‌ನಿಂದಲೇ ಡೈರೆಕ್ಟಿ ಕಂಪನಿ ಶುರುಮಾಡಿದವರು ಅವರು. ಮುಂದೆ ನಮ್ಮಂಥವರಿಗೆಂದೇ ರೀಸೆಲ್ಲರ್‌ಕ್ಲಬ್ ಕಟ್ಟಿದರು. 2014ರಲ್ಲಿ ಆ ವ್ಯವಹಾರವನ್ನು ಅಮೆರಿಕದ ಎಂಡ್ಯುರೆನ್ಸ್ ಕಂಪನಿಗೆ ಮಾರಿದರು. ಮನೆಯಲ್ಲಿ ಇದನ್ನು ರಸವತ್ತಾಗಿ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಆ ತಂದೆಗೆ ಸಾಲ ವಾಪಸು ಬಂತೋ?" ಎಂದರು. ಮಾತು ಅಲ್ಲಿಗೇ ನಿಂತಿತು.

ಮೊದಲ ಗಿರಾಕಿ ಸ್ಟೇಷನ್ನಿನ ಪಶ್ಚಿಮಕ್ಕೆ ಹೋಟೆಲಿಟ್ಟಿರುವ ಉಡುಪಿ ಕಡೆಯವರು. ನಾನು 1 ಜಿಬಿ, 5 ಜಿಬಿ, ಬ್ಯಾಂಡ್‌ವಿಡ್ತ್ ಎಂದು ವಿವರಿಸುತ್ತಿದ್ದರೆ ಅವರು ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತ, "ಅದೆಲ್ಲ ಬೇಡ ಮಾರಾಯ್ರೆ, ಸಾದಾ ಎಷ್ಟು, ಮಸಾಲಾ ಎಷ್ಟು, ಅಷ್ಟು ಹೇಳಿ" ಎಂದರು. ಅಂದಿನಿಂದ ನನ್ನ ಪ್ಯಾಕೇಜುಗಳ ಹೆಸರು ಸಾದಾ, ಮಸಾಲಾ, ಮೈಸೂರು ಮಸಾಲಾ. ಅನ್‌ಲಿಮಿಟೆಡ್ ವಿಷಯಕ್ಕೂ ಅವರೇ ಗುರುಗಳು. "ಅನ್‌ಲಿಮಿಟೆಡ್ ಥಾಲಿ ಅಂತ ಬೋರ್ಡು ಹಾಕಿದ್ರೂ ಒಬ್ಬ ಮನುಷ್ಯ ಎಷ್ಟು ತಿಂದಾನು?" ಓವರ್‌ಸೆಲ್ಲಿಂಗ್‌ನ ಅರ್ಥಶಾಸ್ತ್ರವೆಲ್ಲ ಇದರೊಳಗಿದೆ. ಇದ್ದ ಜಾಗಕ್ಕಿಂತ ಹೆಚ್ಚು ಮಾರು, ಎಲ್ಲರೂ ಒಂದೇ ಪಂಕ್ತಿಗೆ ಕೂರದಿರಲೆಂದು ದೇವರಿಗೆ ಕೈಮುಗಿ.

"ಒಮ್ಮೆ ಮಾಡಿಸಿದ್ರೆ ಎಷ್ಟು ವರ್ಷ ಬಾಳಿಕೆ?" ಎಂದೂ ಕೇಳಿದರು. ವಾಲಧುನಿ ನದಿ ದಂಡೆಯ ಶಿವಮಂದಿರ 1060ರ ಶಾಸನ ಹೊತ್ತು ಇನ್ನೂ ನಿಂತಿರುವ ಊರಿನಲ್ಲಿ, ವರ್ಷ ವರ್ಷ ದುಡ್ಡು ಕಟ್ಟದಿದ್ದರೆ ಮಾಯವಾಗುವ ಸರಕು ಮಾರಲು ಗಟ್ಟಿ ಮುಖ ಬೇಕು.

2019ರ ಮಳೆಗಾಲವಂತೂ ಮರೆಯುವ ಹಾಗಿಲ್ಲ. ಅದುವರೆಗೆ ಸರ್ವರಿಗೆ ಇಷ್ಟೆಂದಿದ್ದ ಲೈಸೆನ್ಸ್ ದರವನ್ನು, ನಾವು ಹೋಸ್ಟಿಂಗ್ ಖಾತೆಗಳನ್ನು ನಿಭಾಯಿಸುವ ತಂತ್ರಾಂಶದ ಒಡೆಯ ಸಿಪ್ಯಾನೆಲ್ ಕಂಪನಿ, ಖಾತೆಗಳ ಲೆಕ್ಕಕ್ಕೆ ಬದಲಿಸುವುದಾಗಿ ಜೂನ್‌ನಲ್ಲಿ ಸಾರಿತು. ನಮ್ಮ ಲಾಭ ಅಲ್ಲೇ ಮುಳುಗಿತು. ಜುಲೈ 27ರಂದು ನಮ್ಮದೇ ಲೈನಿನ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಾವಿರಕ್ಕೂ ಹೆಚ್ಚು ಪ್ರಯಾಣಿಕರ ಸಮೇತ ನೀರಿನಲ್ಲಿ ಸಿಕ್ಕಿಬಿತ್ತು. ಆಗ ಒಬ್ಬ ಗಿರಾಕಿಯ ಫೋನು: "ನಮ್ಮ ವೆಬ್‌ಸೈಟ್ ಒದ್ದೆಯಾಗಿಲ್ಲ ತಾನೆ?" ಸರ್ವರ್ ಇದ್ದದ್ದು ಅಮೆರಿಕದಲ್ಲಿ. ಹಾಗೆಂದರೆ "ಅಷ್ಟು ದೂರ ಇಟ್ಟಿದ್ದಕ್ಕೇ ನಿಧಾನ" ಎಂದು ಜಗಳ ತೆಗೆಯುತ್ತಾರೆ. "ಮಾಳಿಗೆ ಮೇಲಿಟ್ಟಿದ್ದೇನೆ, ಗಾಬರಿ ಬೇಡ" ಎಂದೆ. ಅವರಿಗೂ ನೆಮ್ಮದಿ, ನನಗೂ.

ಜಾಗವನ್ನು ಯಾರು ಬೇಕಾದರೂ ಮಾರಬಹುದು. ನಾನು ನಿಜವಾಗಿ ಮಾರುವುದು ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವ ಕೆಲಸವನ್ನು. ಎರರ್ ಪುಟದ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ, ಅರ್ಧ ಫೋಟೋದಲ್ಲಿ ಗಿರಾಕಿಯ ಹೆಬ್ಬೆರಳು. ನಾನದನ್ನು ಸಗಟು ಕಂಪನಿಗೆ ದಾಟಿಸಿ, ಅಲ್ಲಿಂದ ಬಂದ ಇಂಗ್ಲಿಷ್ ಸಮಾಧಾನವನ್ನು ತುಳು ಬೆರೆಸಿದ ಕನ್ನಡದಲ್ಲಿ ಇತ್ತ ದಾಟಿಸುತ್ತೇನೆ.

ಹೊಸದಾಗಿ ಈ ದಂಧೆಗೆ ಇಳಿಯುವವರು ಮೊದಲು ಎರಡನೇ ಸಿಮ್ ಕೊಳ್ಳಿ. ಸರ್ವರ್ ಆಮೇಲೆ ನೋಡಿದರಾಯಿತು. ಈಗಾಗಲೇ ನನ್ನ ಗಿರಾಕಿಗಳಾಗಿರುವ ಓದುಗರು ರಿನ್ಯೂವಲ್ ಹಣವನ್ನು ದಯವಿಟ್ಟು ಈ ತಿಂಗಳೊಳಗೆ ಕಳಿಸಿ. ಮೈಸೂರು ಮಸಾಲಾದವರು ವಿಶೇಷವಾಗಿ ಗಮನಿಸಬೇಕು.