ಕವಲು ಮಗುವಿನ ಕಿಟಕಿ ನಿರ್ಣಯವು

ತೊಪ್ಪೂರು ಘಾಟಿಯ ಲಾರಿಗೂ ಸಿ ಭಾಷೆಯ ಫೋರ್ಕಿಗೂ ಏನು ಸಂಬಂಧವೆಂದು ಕೇಳುವವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ. ಉಳಿದವರು ಕೇಳಿಸಿಕೊಳ್ಳಬಹುದು.

ಸೂತ್ರ: ಕವಲೊಡೆದೊಡಂ ಕಿಟಕಿಯೊಂದೆ.

ವೃತ್ತಿ: ಓಡುತ್ತಿರುವ ಪ್ರೋಗ್ರಾಮನ್ನು ಅಪ್ಪ, ಮಗು ಎಂದು ಎರಡಾಗಿ ಕವಲೊಡೆಸುವ ಫೋರ್ಕನ್ನು ಒಮ್ಮೆ ಕರೆದರೆ ಎರಡು ಸಲ ಓಗೊಡುತ್ತದೆ. ಅಪ್ಪನಿಗೆ ಮಗುವಿನ ನಂಬರು ಸಿಗುತ್ತದೆ, ಮಗುವಿಗೆ ಸೊನ್ನೆ. (ಲೋಕದಲ್ಲೂ ಹೀಗೇ ಆದ್ದರಿಂದ ವಿವರಿಸಿಲ್ಲ.) ಟರ್ಮಿನಲ್ ಮಾತ್ರ ಪಾಲಾಗುವುದಿಲ್ಲ. ಒಂದೇ ಕಪ್ಪು ಪರದೆಯ ಮೇಲೆ ಇಬ್ಬರ ಪ್ರಿಂಟ್‌ಎಫ್ ಕಲಸುಮೇಲೋಗರ. ಇಬ್ಬರೂ ಸ್ಕ್ಯಾನ್‌ಎಫ್ ಹಾಕಿ ಕೂತರಂತೂ ನೀವು ಒತ್ತಿದ ಸಾಲು ಯಾರ ಬಾಯಿಗೆ ಬಿತ್ತೆಂದು ಬ್ರಹ್ಮನೂ ಹೇಳಲಾರ.

ಪೂರ್ವಪಕ್ಷ: 1792ರಲ್ಲಿ ಈ ಘಾಟಿಯಿರುವ ಬಾರಾಮಹಲು ಟಿಪ್ಪುವಿನ ಕೈತಪ್ಪಿ ಕಂಪನಿಯ ಪಾಲಾದರೂ, ಈ ಸೀಮೆಯ ತಮಿಳು, ತೆಲುಗು, ಕನ್ನಡಗಳು ಪಾಲು ಕೇಳದೆ ಒಂದೇ ಬೆಂಚಿನ ಮೇಲೆ ಟೀ ಕುಡಿಯುತ್ತಿಲ್ಲವೆ? ಸಮಾಧಾನ: ಅಲ್ಲಿ ಮುಖ ನೋಡಿ ಮಾತು ಹಿಡಿಯುತ್ತಾರೆ. ಪ್ರಿಂಟ್‌ಎಫ್‌ಗೆ ಮುಖವಿಲ್ಲ.

ಸೂತ್ರ: ಕಿಟಕಿಯೆ ಮಗುವಪ್ಪುದು, ಮಗು ಮೊಮ್ಮಗುವಪ್ಪುದು.

ವೃತ್ತಿ: ಮಗುವಿಗೆ ಕಿಟಕಿ ಕೊಡಿಸುವ ವಿಧಿಯಿಲ್ಲ, ಕಿಟಕಿಯನ್ನೇ ಹೆರಬೇಕು. ಫೋರ್ಕ್ ಆದ ಮೇಲೆ ಮಗುವಿನ ಕಡೆಯಲ್ಲಿ ಎಕ್ಸೆಕ್‌ಎಲ್‌ಪಿ ಕರೆದು, ಎಕ್ಸ್‌ಟರ್ಮ್ ಎಂದು ಎರಡು ಸಲ ಹೇಳಿ (ಒಮ್ಮೆ ಹುಡುಕಲು, ಒಮ್ಮೆ ನಾಮಕರಣಕ್ಕೆ), ಮೈನಸ್ ಇ ಹಾಕಿ, ಓಡಬೇಕಾದ ಪ್ರೋಗ್ರಾಮಿನ ಹೆಸರಿಟ್ಟು, ನಲ್ ಎಂದು ಮುಗಿಸುವುದು. 1984ರಲ್ಲಿ ಹುಟ್ಟಿದ ಟರ್ಮಿನಲ್ ಕಿಟಕಿಯಾದ ಈ ಎಕ್ಸ್‌ಟರ್ಮ್ ತಾನೇ ಒಂದು ಹುಸಿ ಟರ್ಮಿನಲ್ ತೆರೆದು, ಮತ್ತೊಮ್ಮೆ ಕವಲೊಡೆದು, ನಿಮ್ಮ ಪ್ರೋಗ್ರಾಮನ್ನು ಅಲ್ಲಿ ಕೂರಿಸುತ್ತದೆ. ಹಾಗಾಗಿ ಅಪ್ಪ ವೇಟ್‌ಪಿಐಡಿ ಎಂದು ಕಾಯುವುದು ಕಿಟಕಿಗಾಗಿ, ಮೊಮ್ಮಗುವಿಗಾಗಿ ಅಲ್ಲ. ಕಾಯದಿದ್ದರೆ, ತೀರಿಕೊಂಡ ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದಂತೆ ಪ್ರೋಸೆಸ್ ಪಟ್ಟಿಯಲ್ಲಿ ಉಳಿಯುತ್ತದೆ; ಅದನ್ನೇ ಜ಼ೋಂಬಿ ಎನ್ನುವರು. ಗ್ನೋಮ್ ಟರ್ಮಿನಲ್ ಅಪವಾದ: ಅದು ಕೆಲಸವನ್ನು ತನ್ನ ಸರ್ವರಿಗೆ ದಾಟಿಸಿ ಕೂಡಲೇ ಕೈತೊಳೆದುಕೊಳ್ಳುವುದರಿಂದ, ವೇಟ್ ಎಂಬ ಆಯ್ಕೆ ಕೊಡದಿದ್ದರೆ ಅಪ್ಪ ಮೋಸ ಹೋಗುತ್ತಾನೆ. ವಿಂಡೋಸ್ ಪಂಥದವರು ಕ್ರಿಯೇಟ್‌ಪ್ರೋಸೆಸ್‌ಗೆ ಕ್ರಿಯೇಟ್ ನ್ಯೂ ಕನ್ಸೋಲ್ ಎಂಬ ಒಂದೇ ಬಾವುಟ ಕಟ್ಟಿ ಮಲಗುತ್ತಾರೆ. ಅವರಿಗೆ ಶಾಸ್ತ್ರವೇ ಬೇಡ.

ಇಷ್ಟನ್ನು ಘಾಟಿಯ ಮೇಲಿನ ಟೀ ಅಂಗಡಿಯಲ್ಲಿ ಲಾರಿ ಓಡಿಸುವ ನಮ್ಮ ಮಾವನಿಗೆ ನಿರೂಪಿಸಿ, ಲ್ಯಾಪ್‌ಟಾಪಿನಲ್ಲಿ ಕಿಟಕಿಯನ್ನೂ ತೋರಿಸಿದೆ. ಅವರು ಮೂಲೆಯ ಇಂಟು ಗುರುತು ಒತ್ತಿದರು. ಸಿಗ್‌ಹಪ್ ಎಂಬ ಸಂಕೇತ ಬಂದು ಮೊಮ್ಮಗು ಸತ್ತಿತು.

“ಇದಕ್ಕಾ ಅಳಿಯ ಇಷ್ಟು ಹೊತ್ತು? ನಮ್ ಕ್ಲೀನರ್‌ಗೆ ಮೊದ್ಲಿಂದ್ಲೂ ಬೇರೆ ಕಿಟಕೀನೇ ಐತೆ” ಎಂದು ಲೋಟವಿಟ್ಟರು. ಟೈರು ತಟ್ಟಲು ಹೋಗಿದ್ದ ಹುಡುಗ ಹತ್ತುವವರೆಗೂ ಕಾದರು. ಲಾರಿ ಗೇರಿನಲ್ಲೇ ಸೇಲಂ ಕಡೆ ಇಳಿಯಿತು. ಎಡಗಿಟಕಿಯಿಂದ ಒಂದು ತಲೆ ಹೊರಬಂದು “ರೈಟ್, ರೈಟ್” ಎಂದು ಕೂಗುತ್ತಿತ್ತು.