ಮಹಡಿ ಮನೆಯ ಮಾಲೀಕ

ಮಧುಗಿರಿ, ಶಿರಾ, ಕೊರಟಗೆರೆಗಳಲ್ಲಿ ನಿವೃತ್ತಿಯ ಹಣ ಸುರಿದು ಮಹಡಿ ಕಟ್ಟಿ, 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ತೂಗುಹಾಕಿದವನನ್ನು ಲೋಕವು ಸ್ಥಿತಿವಂತನೆಂದು ಭಾವಿಸುತ್ತದೆಯಾದರೂ, ತಿಂಗಳ ಐದನೆಯ ತಾರೀಖು ದಾಟಿದೊಡನೆ ಆತನೇ ಸಾಲಗಾರನಂತೆ ಮೆಟ್ಟಿಲ ಬುಡದಲ್ಲಿ ಕೆಮ್ಮುತ್ತ ನಿಲ್ಲುವುದು ಕಂಡುಬರುತ್ತದೆ. ಅಡ್ವಾನ್ಸು, ಅಂದರೆ ಮನೆ ಬಿಡುವಾಗ ಹಿಂದಿರುಗಿಸಬೇಕಾದ ಮುಂಗಡ, ಬಾಕಿಯಲ್ಲೇ ಕರಗಿಹೋದ ಮೇಲೂ ಮೇಲಿನವರು ಬೋರ್‌ವೆಲ್ ನೀರು ಉಪ್ಪೆಂದು ದೂರುತ್ತಾರೆ, ಹೊಸ ಸುಣ್ಣದ ಗೋಡೆಗೆ ಮೊಳೆ ಹೊಡೆಯುತ್ತಾರೆ. ಏಕಶಿಲೆಯ ಮಧುಗಿರಿ ಬೆಟ್ಟವನ್ನಾದರೂ ಹತ್ತಿ ಇಳಿಯಬಹುದು, ಬಾಡಿಗೆ ಕೇಳಲು ಈ ಹದಿನೆಂಟು ಮೆಟ್ಟಿಲು ಹತ್ತುವುದು ದುಸ್ತರ.

ಈ ದೃಷ್ಟಿಯಿಂದ ಪಾವಗಡದ ತಿರುಮಣಿ ಸುತ್ತಿನ ರೈತರು ಅಸೂಯೆಗೆ ಪಾತ್ರರು, ಏಕೆಂದರೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭವಾದ ಗುತ್ತಿಗೆಯಲ್ಲಿ ಸುಮಾರು 13,000 ಎಕರೆಗೆ ಒಕ್ಕಲು ಬಂದಿರುವುದು ಸೌರಫಲಕಗಳು; ಅವು ನೆಂಟರನ್ನು ಕರೆಸುವುದಿಲ್ಲ, ಕರೆಂಟು ಉರಿಸುವುದೂ ಇಲ್ಲ, ಉತ್ಪಾದಿಸುತ್ತವೆ!

ಉಳಿದ ಮಾಲೀಕರಿಗೆ ಗತಿ ಹನ್ನೊಂದು ತಿಂಗಳ ಕರಾರುಪತ್ರ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾದ್ದರಿಂದ ಈ ಜಾಣತನ. ಆದರೆ ಅವಧಿ ಮುಗಿದರೂ ಏಳದವರನ್ನು ಮಾಲೀಕನು ಸಾಮಾನು ಹೊರಗೆಸೆದು ಬಿಡಿಸುವಂತಿಲ್ಲ, ಕೋರ್ಟಿಗೇ ಹೋಗಬೇಕು.