ಮೂವತ್ತು ಎಂ.ಎಲ್. ಭಾವ

ಮಂಡ್ಯ ಸೀಮೆಯಲ್ಲಿ ಗಂಡಿನ ಕಡೆಯನ್ನು ವಿಚಾರಿಸುವವರು ಮೊದಲು ಕೇಳುವುದು ಎಷ್ಟು ಎಕರೆ ಎಂದು, ಆಮೇಲೆ ಕೇಳುವುದು ಎಷ್ಟು ಮುದ್ದೆ ಎಂದು. ಮೊದಲನೆಯದಕ್ಕೆ ಪಹಣಿ ತೋರಿಸಬೇಕು. ಎರಡನೆಯದಕ್ಕೆ ಊರೇ ಸಾಕ್ಷಿ ಹೇಳುತ್ತದೆ. ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಎಕರೆ ಸ್ವಲ್ಪ ಕಡಿಮೆಯೇ ಇತ್ತು. ಅದನ್ನವರು ಮುದ್ದೆಯಲ್ಲಿ ಸರಿದೂಗಿಸಿ ಮದುವೆಯಾದರು.

ಇಂಥ ಒಬ್ಬ ಭಾವ ನಮ್ಮ ಕಡೆ ಪ್ರತಿ ವಂಶದಲ್ಲೂ ಇರುತ್ತಾರೆ. ಬೀಗರೂಟದಲ್ಲಿ ಅವರು ಕೂತ ಸಾಲನ್ನು ಬಡಿಸುವ ಹುಡುಗರು ದೂರದಿಂದಲೇ ಗುರುತಿಸಿ, ಬಕೆಟ್ಟು ತುಂಬಿಸಿಕೊಂಡೇ ಅತ್ತ ಹೋಗುತ್ತಾರೆ. ಅವರು ಉಣ್ಣುವುದನ್ನು ನೋಡಲು ಉಂಡು ಎದ್ದವರೂ ಕೈ ತೊಳೆಯದೆ ನಿಂತಿರುತ್ತಾರೆ. ಭಾವನಿಗೆ ಈ ವಿದ್ಯೆಯ ಶಾಸ್ತ್ರವೂ ಗೊತ್ತು. "ಮುದ್ದೆ ಅಗಿಯೋನು ನಮ್ಮೂರೋನಲ್ಲ ಕಣ್ಲಾ ಬಾಮೈದ. ಮುರೀಬೇಕು, ಸಾರಲ್ಲಿ ಅದ್ದಬೇಕು, ನುಂಗಬೇಕು. ಹಲ್ಲಿಗೆ ಅಲ್ಲೇನೂ ಕೆಲ್ಸ ಇಲ್ಲ" ಎನ್ನುತ್ತಿದ್ದರು. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಕೊನೆಗೆ ಶ್ರೀರಾಮನ ಮುಂದೆ ರಾಗಿಯನ್ನೇ ಗೆಲ್ಲಿಸಿದ್ದನ್ನು ಅವರು ತಮ್ಮ ಮನೆತನಕ್ಕೆ ಆದ ಸನ್ಮಾನವೆಂದೇ ಎಣಿಸಿದ್ದರು.

ಈ ಸಾಧನೆ 128 ಕೆ.ಜಿ.ಗೆ ಬಂದು ನಿಂತಿತು. ಸಕ್ಕರೆ ಬಂತು, ಬಿ.ಪಿ. ಬಂತು, ಮಂಡಿ ಹೋಯಿತು. ರಾತ್ರಿ ಗೊರಕೆ ನಡುವೆ ಉಸಿರು ನಿಂತು ನಿಂತು ಹೊರಡುವುದನ್ನು ಕೇಳಿ ಕೇಳಿ ಅಕ್ಕನ ನಿದ್ದೆಯೂ ಹೋಯಿತು. ಬೆಂಗಳೂರಿನ ಡಾಕ್ಟರು ತೂಕ, ಎತ್ತರ ಅಳೆದು ಬಿಎಂಐ 43 ಅಂದರು. ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದರೆ 32.5 ದಾಟಿದವರಿಗೇ ಆಪರೇಷನ್ ಯೋಚಿಸಬಹುದು ಎಂದೂ ಹೇಳಿದರು. ಭಾವ ಅದನ್ನು ಪರೀಕ್ಷೆಯ ಅಂಕವೆಂದು ತಿಳಿದು ಊರಿಗೆ ಫೋನ್ ಹಚ್ಚಿದರು: "ಪಾಸಾಗಕ್ಕೆ ಮೂವತ್ತೆರಡೂವರೆ ಸಾಕಂತೆ. ನಂದು ನಲವತ್ಮೂರು!"

ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಕೊರೆದು, ಜಠರದ ಸುಮಾರು ಶೇಕಡಾ 80 ಭಾಗವನ್ನು ಕತ್ತರಿಸಿ ತೆಗೆದು, ಉದ್ದನೆಯ ಕಿರಿದಾದ ಕೊಳವೆಯೊಂದನ್ನು ಮಾತ್ರ ಉಳಿಸುವ ಆಪರೇಷನ್ ಅದು. ಸ್ಲೀವ್ ಅನ್ನುತ್ತಾರೆ. ಉಳಿದ ಕೊಳವೆಗೆ ಹಿಡಿಯುವುದು 100ರಿಂದ 150 ಎಂ.ಎಲ್. ದೊಡ್ಡಮ್ಮ ಆಸ್ಪತ್ರೆಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಒಂದೇ ಮಾತು ಹೇಳಿದರು. "ಮುಕ್ಕಾಲು ಹೊಟ್ಟೆ ಕುಯ್ದು ಮಡಿಕ್ಕಂಡವ್ರೆ. ದುಡ್ಡು ಮಾತ್ರ ಪೂರ್ತಿ ಇಸ್ಕಂಡವ್ರೆ!"

ಆಪರೇಷನ್ ಆದ ಮೇಲೆ ನರ್ಸಮ್ಮ ಕೈಗೆ ಕೊಟ್ಟದ್ದು ಕೆಮ್ಮಿನ ಔಷಧಿ ಅಳೆಯುವ ಪ್ಲಾಸ್ಟಿಕ್ ಲೋಟ. 30 ಎಂ.ಎಲ್. ಅದನ್ನು ಕಾಲು ಗಂಟೆಯಲ್ಲಿ ಗುಟುಕು ಗುಟುಕಾಗಿ ಮುಗಿಸಬೇಕು. ಮುಗಿದ ಮೇಲೆ ಇನ್ನೊಂದು. ಚೊಂಬು ಎತ್ತಿ ಬಾಯಿಗೆ ಸುರಿದುಕೊಂಡೇ ಬೆಳೆದ ಭಾವ ಲೋಟವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ತೀರ್ಥವೋ, ನೀರೋ?" ಎಂದರು. ಆಮೇಲೆ ಲೆಕ್ಕ ಹಾಕಿದರು. ಗಂಟೆಗೆ 120 ಎಂ.ಎಲ್. ದಿನಕ್ಕೆ ಒಂದೂವರೆ ಲೀಟರ್ ಒಳಗೆ ಹೋಗಬೇಕಾದರೆ ಹನ್ನೆರಡೂವರೆ ಗಂಟೆ ಬೇಕು. ಬೆಳಗ್ಗೆ ಕೂತರೆ ರಾತ್ರಿಯವರೆಗೆ ನೀರು ಕುಡಿಯುವುದೇ ಉದ್ಯೋಗ.

ಮಂಡ್ಯದವರಿಗೆ ನೀರಿನ ಲೆಕ್ಕ ಬಂದರೆ ಕನ್ನಂಬಾಡಿ ಕಟ್ಟೆ ನೆನಪಾಗದೆ ಇರುವುದಿಲ್ಲ. ಭಾವ ತಮ್ಮ ಹೊಟ್ಟೆಯನ್ನು ಅಂದಿನಿಂದ ಕಟ್ಟೆಯ ಭಾಷೆಯಲ್ಲೇ ವಿವರಿಸತೊಡಗಿದರು. "ನೂರಿಪ್ಪತ್ನಾಕು ಪಾಯಿಂಟ್ ಎಂಬತ್ತು ಅಡಿ ಕಟ್ಟೆ ಇತ್ತು ಕಣ್ಲಾ. ಈಗ ಚೆಕ್ ಡ್ಯಾಮ್ ಮಾಡವ್ರೆ. ಒಳಹರಿವು ಒಸಿ ಜಾಸ್ತಿಯಾದ್ರೂ ಕೋಡಿ ಬೀಳುತ್ತೆ." ಪಕ್ಕದ ಮಂಚದ ರೋಗಿ ಸುಮ್ಮನಿರದೆ, "ಹಂಗಾದ್ರೆ ಕೆಳಗಿನೋರಿಗೆ ಎಷ್ಟು ಬಿಡ್ತೀರಿ?" ಎಂದು ಕೇಳಿದ. ಭಾವ ಗಂಭೀರವಾಗಿ, "ಮಳೆ ಬಂದ್ರೆ ನೋಡನ" ಎಂದರು.

ಊರಿಗೆ ಬಂದ ಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ನಮ್ಮಲ್ಲಿ ಬರಿಗೈಯಲ್ಲಿ ರೋಗಿಯನ್ನು ನೋಡುವವರಿಲ್ಲ. ಬ್ರೆಡ್ಡು, ಮೂಸಂಬಿ, ಮದ್ದೂರು ವಡೆ, ಒಬ್ಬರು ಧೈರ್ಯ ಮಾಡಿ ಮೈಸೂರು ಪಾಕನ್ನೂ ತಂದರು. ಮೊದಲ ಎರಡು ವಾರ ದ್ರವ ಬಿಟ್ಟು ಬೇರೇನೂ ಇಳಿಯಕೂಡದೆಂದು ಅಕ್ಕ ವಿವರಿಸಿದರೆ, "ವಡೆ ನೀರಲ್ಲಿ ನೆನೆಸಿ ಕೊಡವ್ವ, ಮೆತ್ಗಾಯ್ತದೆ" ಎಂಬ ವೈದ್ಯಕೀಯ ಸಲಹೆ ಬಂತು. ಎಳನೀರು ತಂದವರು ಮಾತ್ರ ಗೆದ್ದರು. ಆದರೆ ಸ್ಟ್ರಾ ಹಾಕುವಂತಿಲ್ಲ. ಹೀರಿದರೆ ಜೊತೆಗೆ ಗಾಳಿಯೂ ಹೋಗುತ್ತದೆ. ಸಣ್ಣ ಲೋಟಕ್ಕೆ ಬಗ್ಗಿಸಿ ಬಗ್ಗಿಸಿ ಒಂದು ಎಳನೀರು ಮುಗಿಯಲು ಎರಡೂವರೆ ಗಂಟೆ ಹಿಡಿಯಿತು. ಕೊಟ್ಟವರು ಬುರುಡೆ ಕೆತ್ತಿಸಿ ಗಂಜಿ ತಿನ್ನಿಸಿಯೇ ಹೋಗುತ್ತೇವೆಂದು ಕಾದು ಕೂತಿದ್ದರು. ಕೊನೆಗೆ ಗಂಜಿಯನ್ನು ತಾವೇ ತಿಂದು, ಕೊನೆಯ ಬಸ್ಸು ಹಿಡಿದರು.

ನಿಜವಾದ ಕಷ್ಟ ಅಕ್ಕನದು. ಇಪ್ಪತ್ತೈದು ವರ್ಷ ಆ ಗಂಡನಿಗೆ ಅಡುಗೆ ಮಾಡಿದ ಕೈಗೆ ಸಣ್ಣ ಪಾತ್ರೆ ಗೊತ್ತಿಲ್ಲ. 60 ಎಂ.ಎಲ್. ಬೇಳೆಕಟ್ಟು ಬೇಕೆಂದು ಬರೆದುಕೊಟ್ಟರೆ ಅವಳು ಎಂದಿನಂತೆ ದೊಡ್ಡ ಪಾತ್ರೆಯಲ್ಲಿ ಬೇಳೆ, ಸೊಪ್ಪು ಬೇಯಿಸಿ, ಬಸಿದು, ಎರಡು ಸೌಟು ಕಟ್ಟು ಭಾವನಿಗೆ ಕೊಟ್ಟು, ಮಿಕ್ಕದ್ದರಲ್ಲಿ ಬಸ್ಸಾರು ಮಾಡಿ, ಪಲ್ಯಕ್ಕೆ ಒಗ್ಗರಣೆ ಹಾಕಿ, ಮುದ್ದೆ ತೊಳಸಿ ನಮ್ಮ ಮುಂದಿಡುತ್ತಿದ್ದಳು. ಚೆಲ್ಲುವುದು ಪಾಪ. ನಾವು ಉಂಡೆವು. ಭಾವ ಇಳಿಸಿದ ಕೆ.ಜಿ.ಗಳು ಎಲ್ಲಿಗೂ ಹೋಗಲಿಲ್ಲ, ಮನೆಯೊಳಗೇ ಪಾಲಾದವು.

ಗಟ್ಟಿ ದ್ರವದ ಹಂತದಲ್ಲಿ ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು, ತೆಳ್ಳನೆಯ ರಾಗಿ ಅಂಬಲಿ ಬಂದವು. ಮೂರನೇ ವಾರಕ್ಕೆ ಮೆತ್ತಗೆ ಅರೆದದ್ದು. ಮನೆಯಲ್ಲಿ ಅದೇ ಹೊತ್ತಿಗೆ ಮೊಮ್ಮಗನಿಗೂ ಅನ್ನಪ್ರಾಶನ ಆಗಿತ್ತು. ಅಕ್ಕನಿಗೆ ಸಲೀಸಾಯಿತು. ಒಂದೇ ಬೇಳೆ, ಒಂದೇ ಕ್ಯಾರೆಟ್ಟು, ಒಂದೇ ಮಿಕ್ಸಿ, ಎರಡು ಬೆಳ್ಳಿ ಬಟ್ಟಲು. ತಾತ, ಮೊಮ್ಮಗ ಎದುರುಬದುರು ಕೂತು, ಒಂದೇ ಅಳತೆಯ ಪುಟ್ಟ ಚಮಚದಲ್ಲಿ, ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತ ಉಣ್ಣುತ್ತಿದ್ದರು. ಎರಡು ವಾರ ಸಮಬಲ ಇತ್ತು. ಆಮೇಲೆ ಮೊಮ್ಮಗ ಅರ್ಧ ಬಟ್ಟಲು ಮುಂದೆ ಹೋದ. ವಂಶದ ಕೀರ್ತಿ ಸರಿಯಾದ ಕೈಗೆ ದಾಟಿತೆಂದು ಭಾವ ಸಂತೋಷಪಟ್ಟರು. ಆದರೂ ಅವನ ಬಟ್ಟಲಲ್ಲಿ ತುಪ್ಪ ಇದೆ, ತಮ್ಮದರಲ್ಲಿ ಇಲ್ಲ ಎಂಬುದನ್ನು ದಿನಾ ಎತ್ತಿ ಹೇಳುತ್ತಿದ್ದರು.

ಡಯಟಿಶಿಯನ್ ಮೇಡಂ ಹೇಳಿದ ನಿಯಮಗಳಲ್ಲಿ ಭಾವನ ಎದೆಗೆ ನಾಟಿದ್ದು ಎರಡು. ಒಂದು, ತಟ್ಟೆಯಲ್ಲಿ ಮೊದಲು ಪ್ರೋಟೀನು, ಆಮೇಲೆ ತರಕಾರಿ, ಜಾಗ ಉಳಿದರೆ ಕೊನೆಗೆ ಅನ್ನ, ರಾಗಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಸೇರಲೇಬೇಕು, ಇರುವುದು ಇಷ್ಟೇ ಜಾಗ. ಕನಕದಾಸರು ಅಷ್ಟು ಕಷ್ಟಪಟ್ಟು ಗೆಲ್ಲಿಸಿದ ರಾಗಿಯನ್ನು ಮೇಡಂ ಒಂದೇ ಮಾತಿನಲ್ಲಿ ಮೊಟ್ಟೆಯ ಬಿಳಿಭಾಗದ ಹಿಂದೆ ನಿಲ್ಲಿಸಿದರು. ಎರಡನೆಯದು ಇನ್ನೂ ಕ್ರೂರ: ಪ್ರತಿ ತುತ್ತನ್ನೂ 25-30 ಸಲ ಅಗಿಯಬೇಕು. "ಮೊಟ್ಟೆಯಲ್ಲಿ ಅಗಿಯಾಕೆ ಏನೈತೆ ಮೇಡಂ?" ಎಂದು ಭಾವ ಕೇಳಿದರು. ಏನಿಲ್ಲದಿದ್ದರೂ ಅಗಿಯಿರಿ ಎಂದರು ಅವರು. ಅಂದಿನಿಂದ ಭಾವ ಅಗಿಯುವುದನ್ನು ಬೆರಳಲ್ಲಿ ಎಣಿಸುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಒಂದರಿಂದ ಶುರು. ಊಟದ ಹೊತ್ತಿನಲ್ಲಿ ಸಾಲ ಕೇಳಲು ಬರುವವರಿಗೆ ಇದರಿಂದ ಬಹಳ ತೊಂದರೆಯಾಗಿದೆ.

ಹೊಟ್ಟೆ ತುಂಬಿದ ಸೂಚನೆಯೂ ಬದಲಾಯಿತು. ಮೊದಲೆಲ್ಲ ತೇಗು ಬರುತ್ತಿತ್ತು, ಅದೂ ಕೊನೆಯ ಸುತ್ತಿನಲ್ಲಿ. ಈ ಆಪರೇಷನ್ ಆದವರಲ್ಲಿ ಕೆಲವರಿಗೆ ಸಾಕೆನಿಸುವ ಹೊತ್ತಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ, ಕೆಲವರಿಗೆ ಸೀನು. ಭಾವನಿಗೆ ಒಲಿದದ್ದು ಸೀನು. ಸೀನಿದರೆ ಊಟ ಮುಗಿಯಿತು. ಆಮೇಲಿನ ಒಂದು ಚಮಚ ವಾಪಸು ಬರುತ್ತದೆ. ಅಕ್ಕ ಸೀನಿಗೆ ಕಿವಿಕೊಟ್ಟು ಕೂತಿದ್ದು, ಕೇಳಿದೊಡನೆ ತಟ್ಟೆ ಎತ್ತಿಬಿಡುತ್ತಿದ್ದಳು. ಒಂಟಿ ಸೀನು ಅಪಶಕುನ ಎನ್ನುತ್ತಿದ್ದ ದೊಡ್ಡಮ್ಮನೂ "ಶುಭವಾಯ್ತು, ಉಂಡ" ಎನ್ನುವಷ್ಟು ಬದಲಾದರು. ಒಂದು ಮಧ್ಯಾಹ್ನ ಮಾತ್ರ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಎದ್ದು, ಭಾವ ತಟ್ಟೆಗೆ ಕೈ ಹಾಕುವ ಮೊದಲೇ ಮೂರು ಸಲ ಸೀನಿದರು. ಅಕ್ಕ ನಿಯಮದಂತೆ ತಟ್ಟೆ ಎತ್ತಿದಳು. "ಲೇ, ಇನ್ನೂ ಉಂಡೇ ಇಲ್ವಲ್ಲೇ!" ಎಂದರು ಭಾವ. "ಮೂರು ಸೀನು ಸೀನಿದ್ರಲ್ಲ, ಮೂರು ಹೊತ್ತಿಗಾಯ್ತು ಬುಡಿ" ಎಂದಳು ಅಕ್ಕ.

ಹಸಿವೆಯ ಸುದ್ದಿ ಬೇರೆಯೇ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಕತ್ತರಿಸಿ ತೆಗೆದದ್ದರಲ್ಲಿ ಆ ಭಾಗವೂ ಸೇರಿತ್ತು. ಹಾಗಾಗಿ ಭಾವನಿಗೆ ಹಸಿವು ಕಾಣೆಯಾಯಿತು. ಊಟದ ಹೊತ್ತನ್ನು ಫೋನು ನೆನಪಿಸಬೇಕು. ನೀರಿಗೊಂದು ಅಲಾರಂ, ಪ್ರೋಟೀನಿಗೊಂದು, ಕಬ್ಬಿಣದ ಮಾತ್ರೆಗೊಂದು, ಅದಾಗಿ ಎರಡು ಗಂಟೆ ಬಿಟ್ಟು ಕ್ಯಾಲ್ಸಿಯಂ ಮಾತ್ರೆಗೊಂದು. ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆ ಬಿಡುವು ಇರಬೇಕಾದ್ದರಿಂದ ಅದಕ್ಕೂ ಒಂದು. ಮಗ ಆ ಅಲಾರಂಗಳಿಗೆಲ್ಲ ಕೋಳಿ ಕೂಗುವ ಸದ್ದು ಹಾಕಿಕೊಟ್ಟಿದ್ದ. ಪ್ರತಿ ಸಲ ಕೂಗಿದಾಗಲೂ ಭಾವ ಮಾತ್ರೆಯನ್ನು ಕೈಯಲ್ಲಿ ಹಿಡಿದು, "ನಾಟಿ ಕೋಳಿ" ಎಂದು ನಿಟ್ಟುಸಿರುಬಿಟ್ಟು ನುಂಗುತ್ತಿದ್ದರು. ಡಾಕ್ಟರು ಕತ್ತರಿಸಿದ್ದು ಹೊಟ್ಟೆಯನ್ನು; ನಾಲಿಗೆಗೆ ಅವರು ಕೈ ಹಾಕಿರಲಿಲ್ಲ.

ಆದರೆ ಹೆಸರು ಮಾಡಿದ ಮನುಷ್ಯ ಹೆಸರಿಲ್ಲದೆ ಎಷ್ಟು ದಿನ ಇದ್ದಾನು? ಎರಡನೇ ತಿಂಗಳಲ್ಲಿ ಭಾವನಿಗೆ ಒಂದು ಸತ್ಯ ಹೊಳೆಯಿತು. ಹೆಚ್ಚು ತಿನ್ನುವುದರಲ್ಲಿ ಸ್ಪರ್ಧಿಗಳಿದ್ದಾರೆ. ಕಡಿಮೆ ತಿನ್ನುವುದರಲ್ಲಿ ಈ ತಾಲ್ಲೂಕಿನಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಮತ್ತೆ ಜಗಲಿ ತುಂಬಿತು. "ಬೆಳಿಗ್ಗೆ ಎಷ್ಟು ಇಡ್ಲಿ ಹೇಳು?" "ಎರಡಾ ಗೌಡ್ರೆ?" "ಅರ್ಧ! ಅದ್ರಲ್ಲೂ ಅಂಚು ಬುಟ್ಟೆ." ಕೂತವರು ಹಿಂದೆ ಮುದ್ದೆಯ ಲೆಕ್ಕ ಕೇಳಿ ಎಷ್ಟು ಬೆರಗಾಗುತ್ತಿದ್ದರೋ ಈಗಲೂ ಅಷ್ಟೇ ಬೆರಗಾದರು. ಮೈಸೂರಿನಲ್ಲಿ ಇದೇ ಆಪರೇಷನ್ ಮಾಡಿಸಿಕೊಂಡ ಇನ್ನೊಬ್ಬರು ಮುಕ್ಕಾಲು ಇಡ್ಲಿ ತಿನ್ನುತ್ತಾರೆಂಬ ಸುದ್ದಿ ಬಂದಾಗ ಭಾವ ಮೀಸೆಯ ಮೇಲೆ ಕೈಯಾಡಿಸಿ, "ಪಾಪ, ತಡ್ಕಳಕ್ಕಾಗಾಕಿಲ್ಲ ಅವ್ರಿಗೆ" ಎಂದರು. ತಲೆಗೂದಲು ಉದುರತೊಡಗಿದ್ದನ್ನೂ ಅವರು ತೂಕದ ಖಾತೆಗೇ ಜಮಾ ಮಾಡಿಕೊಂಡರು. ತೂಕ ಬೇಗ ಇಳಿದಾಗ ಕೂದಲು ಉದುರುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಮಾಮೂಲಿ ಊಟಕ್ಕೆ ಅಪ್ಪಣೆ ಸಿಕ್ಕ ದಿನ ಅಕ್ಕ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿ, ಉಪ್ಸಾರಿನ ಪಕ್ಕ ಇಟ್ಟಳು. ಭಾವ ಅದನ್ನೇ ನೋಡುತ್ತ ಕೂತರು. ನುಂಗುವಂತಿಲ್ಲ, ಸಿಕ್ಕಿಕೊಳ್ಳುತ್ತದೆ. ಅಗಿದರೆ ಮಾನ ಹೋಗುತ್ತದೆ. ಕೊನೆಗೆ ಎದ್ದು ಬೀದಿ ಬಾಗಿಲು ಹಾಕಿಸಿದರು, ಕಿಟಕಿಗಳನ್ನು ಮುಚ್ಚಿಸಿದರು, ನನ್ನನ್ನೂ ಹೊರಗೆ ಕಳಿಸಿದರು. ಅರ್ಧ ಗಂಟೆಯ ಮೇಲೆ ಒಳಗಿಂದ ಸೀನು ಕೇಳಿತು. ಒಳಗೆ ಹೋದರೆ ಕಾಲು ಮುದ್ದೆ ತಟ್ಟೆಯಲ್ಲೇ ಇತ್ತು. "ನುಂಗುದ್ರಾ ಭಾವ?" ಎಂದೆ. "ಮತ್ತೇನು, ಅಗೀತಾರೇನ್ಲಾ?" ಎಂದವರ ದವಡೆ ಇನ್ನೂ ಆಡುತ್ತಲೇ ಇತ್ತು.

ಮೂರು ತಿಂಗಳಿಗೆ 22 ಕೆ.ಜಿ. ಇಳಿದು, ಸಕ್ಕರೆ ಮಾತ್ರೆಯೂ ಕಡಿಮೆಯಾಗಿ, ಮಂಡಿ ಮಾತು ಕೇಳತೊಡಗಿದ ಮೇಲೆ ಅವರು ನೆಂಟರೊಬ್ಬರ ಬೀಗರೂಟಕ್ಕೆ ಬಂದರು. ಹೊಸ ಅಂಗಿ, ಜೇಬಿನಲ್ಲಿ ಪುಟ್ಟ ಚಮಚ. ಪಂಕ್ತಿಯಲ್ಲಿ ಕೂರಲಿಲ್ಲ. ಕೂತರೆ ಇಕ್ಕುವವರ ಜೊತೆ ಜಗಳ, ಎಲೆಯಲ್ಲಿ ಬಿಟ್ಟರೆ ಬೀಗರ ಜೊತೆ ಜಗಳ. ಅಡುಗೆಯವರ ಕೈಯಿಂದ ಮುದ್ದೆಯ ಪಾತ್ರೆಯನ್ನೇ ಇಸಿದುಕೊಂಡು ಬಡಿಸಲು ಇಳಿದರು. ತಾವು ಉಣ್ಣಲಾಗದ್ದನ್ನೆಲ್ಲ ಸಾಲಿನಲ್ಲಿ ಕೂತವರ ಬಾಯಲ್ಲಿ ಉಣ್ಣುವ ಹುಮ್ಮಸ್ಸು. "ಅಯ್ಯೋ, ಎರಡಕ್ಕೇ ಸಾಕಾ? ನಿನ್ ವಯಸ್ಸಲ್ಲಿ ನಾನು..." ಎಂದು ಎಲೆಯಿಂದ ಎಲೆಗೆ ಸಾಗಿದರು. ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಗಳ ಸಂದಿಯಲ್ಲೇ ಮುದ್ದೆ ಇಳಿಸಿದರು. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಕೂತಿದ್ದ. ಕುರ್ಚಿಯ ಎರಡೂ ಕೈಗಳು ಅವನಿಗೆ ಸಾಲದಾಗಿದ್ದವು. ಭಾವ ಅವನ ಮುಂದೆ ನಿಂತು, ಅಳೆಯುವ ಕಣ್ಣಿನಿಂದ ಒಮ್ಮೆ ನೋಡಿ, ಪ್ರೀತಿಯಿಂದ ನಾಲ್ಕನೇ ಮುದ್ದೆ ಇಕ್ಕಿದರು.

"ಉಣ್ಣಪ್ಪ, ಸಂಕೋಚ ಬ್ಯಾಡ. ಉಂಡ್ಮೇಲೆ ನಮ್ ಡಾಕ್ಟ್ರ ನಂಬ್ರು ಕೊಡ್ತೀನಿ."